ಹಾಕದೆ ಬಿಟ್ಟ ಇಂಟು ಗುರುತು

ಆರ್ತತ್ರಾಣ ಬೆಹೆರಾ ಎಂದು ಕೋಲ್ಕತ್ತಾ ಮೈದಾನದಲ್ಲಿ ಯಾರನ್ನಾದರೂ ಕೇಳಿ ನೋಡಿ. ಹಳಬರಾದರೆ, "ಓ, ಆ ಕುರುಡು ಮಾಲಿಶ್‌ನವನಾ? ಹೆಂಬ್ರಮ್ ಹುಡುಗನ ಕಾಲು ಹಾಳು ಮಾಡಿದವನು" ಎನ್ನುತ್ತಾರೆ. ಹೊಸಬರಿಗೆ ಹೆಸರೇ ಗೊತ್ತಿಲ್ಲ. ಮೂವತ್ತೆಂಟು ವರ್ಷ ಒಂದೇ ಫುಟ್‌ಬಾಲ್ ಕ್ಲಬ್ಬಿನ ಟೆಂಟಿನಲ್ಲಿ ಹುಡುಗರ ಕಾಲು ತಿಕ್ಕಿದ ಮನುಷ್ಯನಿಗೆ ಕೊನೆಗೆ ಉಳಿದದ್ದು ಈ ಒಂದು ಹೆಸರು. ಅದು ಸುಳ್ಳು ಹೆಸರು. ಸುಳ್ಳೆಂದು ಮೊದಲ ದಿನದಿಂದ ನನಗೆ ಗೊತ್ತಿತ್ತು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ಈಶಾನಿ ಕುಂಡು. ಫುಟ್‌ಬಾಲ್ ತಂಡಗಳ ಫಿಜಿಯೋ. ಹುಡುಗರು ನನ್ನ ಬೆನ್ನ ಹಿಂದೆ ಏನೇನು ಕರೆಯುತ್ತಾರೋ ಗೊತ್ತು, ಹಾಳಾಗಿ ಹೋಗಲಿ. ನನ್ನ ಬಾಯಿ ಜೋರು ಎಂದು ಇಡೀ ಮೈದಾನಕ್ಕೆ ಗೊತ್ತು. ಆ ಬಾಯಿ ಬೇಕಾದ ಒಂದೇ ಒಂದು ಹೊತ್ತಿಗೆ ತೆರೆಯಲಿಲ್ಲ ಎನ್ನುವುದು ಮಾತ್ರ ಯಾರಿಗೂ ಗೊತ್ತಿಲ್ಲ.

ನಾವೆಲ್ಲ ಅವರನ್ನು ಆರ್ತದಾ ಎನ್ನುತ್ತಿದ್ದೆವು, ದಾ ಎಂದರೆ ಅಣ್ಣ. ಅವರ ಊರು ಒಡಿಶಾದ ಪಟ್ಟಾಮುಂಡೈ ಹತ್ತಿರ. ನಮ್ಮ ಟೆಂಟುಗಳಲ್ಲಿ ಹುಲ್ಲು ಕತ್ತರಿಸುವ, ಗೆರೆ ಎಳೆಯುವ ಮಾಲಿಗಳು ಹೆಚ್ಚಿನವರು ಆ ಕಡೆಯವರೇ. ಇವರ ಮಾವ ನಮ್ಮ ಟೆಂಟಿನಲ್ಲಿ ಮಾಲಿಯಾಗಿದ್ದ, ಹದಿನೇಳನೇ ವಯಸ್ಸಿಗೆ ಇವರೂ ಬಂದು ಸೇರಿಕೊಂಡರು. ಐದು ವರ್ಷ ಹುಲ್ಲು, ಸುಣ್ಣ, ರೋಲರ್. ಆಗ ಮಾಲಿಶ್ ಮಾಡುತ್ತಿದ್ದವರು ಮೊಯಿನ್ ಚಾಚಾ. ಚಾಚಾನ ಬೆರಳು ಸೊಟ್ಟಗಾದ ಮೇಲೆ ಒಂದು ದಿನ ಈ ಹುಡುಗನ ಕೈ ಹಿಡಿದು ಅಂಗೈ ಒತ್ತಿ ನೋಡಿ, "ನಾಳೆಯಿಂದ ರೋಲರ್ ಮುಟ್ಟಬೇಡ, ಕೈ ಒರಟಾಗತ್ತೆ" ಎಂದರಂತೆ. ಅಷ್ಟೇ ಕೆಲಸದ ಆರ್ಡರು. ಚಾಚಾ ಕೊಟ್ಟುಹೋದ ಹಿತ್ತಾಳೆ ಬಟ್ಟಲು, ಸಾಸಿವೆ ಎಣ್ಣೆ, ಅದಕ್ಕೆ ಜಜ್ಜಿದ ಬೆಳ್ಳುಳ್ಳಿ, ಚಿಟಿಕೆ ಕರ್ಪೂರ. ಟೆಂಟಿನ ಹಿಂದಿನ ಬೆಂಚಿನಲ್ಲಿ ಆಮೇಲಿನ ಬದುಕೆಲ್ಲ ಕಳೆಯಿತು.

ಓದು ಬರಹವಿಲ್ಲ, ಒಡಿಯಾದಲ್ಲಿ ಸಹಿ ಮಾತ್ರ. ಆದರೆ ಆ ಕೈಗೆ ಗೊತ್ತಾಗದ ವಿಷಯವಿರಲಿಲ್ಲ. ಮೀನಖಂಡದ ಮೇಲೆ ಎರಡು ಬಾರಿ ಹೆಬ್ಬೆರಳು ಓಡಿಸಿ, "ಏನಪ್ಪಾ, ಎಡಗಾಲು ಉಳಿಸ್ಕೊಂಡು ಓಡ್ತಿದೀಯಾ, ಯಾರಿಗೆ ಕೊಡೋಕೆ ಇಟ್ಕೊಂಡಿದೀಯಾ?" ಎನ್ನುತ್ತಿದ್ದರು. ಹುಡುಗರು ಬಿಡುತ್ತಿದ್ದರೇ? "ಪುರಿಯಲ್ಲಿ ಜಗನ್ನಾಥನಿಗೆ ಕೈ ಯಾಕಿಲ್ಲ ಗೊತ್ತಾ? ಎರಡೂ ಬಿಚ್ಚಿ ಆರ್ತದಾಗೆ ಕೊಟ್ಟುಬಿಟ್ಟಿದಾನೆ" ಎಂದು ಚುಡಾಯಿಸುವರು. ಆರ್ತದಾ ಹಲ್ಲು ಬಿಟ್ಟು ನಗುವರು, ಆಮೇಲೆ ಚುಡಾಯಿಸಿದವನ ಸೊಂಟಕ್ಕೆ ಸರಿಯಾಗಿ ಒಂದು ಗುಮ್ಮುವರು.

ನಾನು ಆ ಟೆಂಟಿಗೆ ಹೋದಾಗ ನನಗೆ ಇಪ್ಪತ್ತಾರು. ತಂಡದ ಡಾಕ್ಟರು ಪ್ರಣಬೇಶ್ ಲಾಹಿರಿ ನನ್ನನ್ನು ಕರೆತಂದವರು. ಸೆಕ್ರೆಟರಿ ನಂತುದಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಡಾಕ್ಟರ್‌ಬಾಬು, ಹುಡುಗಿ ಬಂದು ಹುಡುಗರ ತೊಡೆಗೆ ಪಟ್ಟಿ ಕಟ್ಟೋದಾ? ಪೆಟ್ಟು ಬೀಳದೆ ಇರೋರೂ ಬಿದ್ದು ಹೊರಳಾಡ್ತಾರೆ" ಎಂದರು. "ಮೊದಲು ನಿಮ್ಮ ಮಂಡಿ ತೋರಿಸಿ ನಂತುದಾ, ಕುಂಟ್ತಾ ಇದೀರಿ" ಎಂದೆ. ಹಾಗೆ ಶುರುವಾಯಿತು.

ಮೊದಲ ವಾರವೇ ಆರ್ತದಾ ಜೊತೆ ಜಗಳ. ಆಗಷ್ಟೇ ಕಾಲು ಉಳುಕಿಸಿಕೊಂಡ ಒಬ್ಬನನ್ನು ಬೆಂಚಿನ ಮೇಲೆ ಮಲಗಿಸಿ ಇವರು ಎಣ್ಣೆ ಬಿಸಿ ಮಾಡುತ್ತಿದ್ದರು. ನಾನು ಹೋದವಳೇ ಬಟ್ಟಲು ಕಿತ್ತುಕೊಂಡು ಹುಲ್ಲಿನ ಮೇಲೆ ಸುರಿದೆ. ಆರ್ತದಾ ಸುರಿದ ಎಣ್ಣೆಯನ್ನು ನೋಡಿ, "ದೀದಿಮಣಿ, ಎಣ್ಣೆ ಏನು ಪಾಪ ಮಾಡಿತ್ತು?" ಎಂದರು. ಟೀಚರಮ್ಮನನ್ನು ಕರೆಯುವ ಹಾಗೆ ದೀದಿಮಣಿ. ಕೊನೆಯವರೆಗೂ ಹಾಗೇ ಕರೆದರು.

ಎರಡು ದಿನ ಬಿಟ್ಟು ತಾವಾಗಿಯೇ ಬಂದು ನಿಂತರು. "ಬಯ್ಯೋದು ಬಯ್ದಿರಿ. ಯಾಕೆ ಅಂತ ಹೇಳಿ."

"ಪೆಟ್ಟು ಬಿದ್ದ ಕಡೆ ಒಳಗೆ ಸಣ್ಣ ಸಣ್ಣ ನಾಳ ಒಡೆದಿರತ್ತೆ, ಆರ್ತದಾ. ರಕ್ತ ಸೋರ್ತಾ ಇರತ್ತೆ. ಅದು ನಿಲ್ಲೋ ಮೊದಲೇ ನೀವು ಬಿಸಿ ಎಣ್ಣೆ ಹಾಕಿ ತಿಕ್ಕಿದ್ರೆ ನಿಲ್ಲತ್ತಾ, ಇನ್ನೂ ಹರಿಯತ್ತಾ? ತೊಡೆ ಆದ್ರಂತೂ ಕೇಳಲೇಬೇಡಿ. ಸೋರಿದ ರಕ್ತ ಮಾಂಸದೊಳಗೇ ಮೂಳೆ ಆಗಿಬಿಡತ್ತೆ. ಮೂರು ದಿನ ಯಾರೂ ಮುಟ್ಟಬಾರದು."

ಅಲ್ಲೇ ಬೆಂಚಿನ ಮೇಲೆ ಕೂತರು. ಆಮೇಲೆ, "ಹಾಗಾದ್ರೆ ಇಷ್ಟು ವರ್ಷ ಎಷ್ಟು ಜನರ ರಕ್ತ ಸೋರಿಸಿದೆನೋ" ಎಂದರು. ಅವತ್ತು ಕ್ಯಾಂಟೀನಿನಲ್ಲಿ ಸ್ಟೂ ಬ್ರೆಡ್ಡು ಹಾಗೇ ಆರಿಹೋಯಿತು, ಅವರು ಮುಟ್ಟಲಿಲ್ಲ. ಓದಿದ ನನಗೆ ಬಯ್ಯುವುದೊಂದೇ ಗೊತ್ತಿತ್ತು. ಆ ಮನುಷ್ಯನಿಗೆ ಎಷ್ಟು ನೋವಾಯಿತು ಎಂದು ನಾನು ಯೋಚಿಸಲಿಲ್ಲ.

ತಿಳಿದ ಮೇಲೂ ಕಷ್ಟ ತಪ್ಪಲಿಲ್ಲ. ಯಾರ ಯಾವ ಜಾಗ ಮುಟ್ಟಬಾರದು ಎಂದು ನಾನು ಬೋರ್ಡಿನಲ್ಲಿ ಬರೆದರೆ ಅವರಿಗೆ ಓದಲು ಬರದು. ಹುಡುಗರನ್ನೇ ಕೇಳೋಣವೆಂದರೆ ಅವರಂಥ ಸುಳ್ಳುಗಾರರು ಇನ್ನೊಬ್ಬರಿಲ್ಲ. ಪೆಟ್ಟು ಎಂದರೆ ಮುಂದಿನ ಆಟಕ್ಕೆ ಹೆಸರು ಹೋಗುತ್ತದೆ, ಹಾಗಾಗಿ ಎಲ್ಲರಿಗೂ ಬರೀ ಸೆಳೆತವೇ. ಕೊನೆಗೆ ಒಂದು ದಾರಿ ಹುಡುಕಿದೆ. ನೀಲಿ ಮಾರ್ಕರಿನಿಂದ ಮುಟ್ಟಬಾರದ ಜಾಗದ ಮೇಲೆ ದೊಡ್ಡ ಇಂಟು ಗುರುತು. ಸೋಪು ಹಾಕಿದರೆ ಅಳಿಸಿಹೋಗುತ್ತದೆ, ಹಾಗಾಗಿ ಆಟ ಮುಗಿದ ಮೇಲೆ ಮೊದಲು ಸ್ನಾನ, ಆಮೇಲೆ ನನ್ನ ಗುರುತು, ಆಮೇಲೆ ಅವರ ಎಣ್ಣೆ. ಅವರಿಗೆ ಕೈಗೆ ಏನಾದರೂ ಸಿಕ್ಕರೆ ಆ ಹುಡುಗನ ಎಡ ಹೆಗಲ ಮೇಲೆ ಟವೆಲ್ಲು ಹಾಕಿಡುವರು. ಅದು ಅವರ ಕಡೆಯಿಂದ ನನಗೆ ಗುರುತು, ಇವನನ್ನು ನೀವೊಮ್ಮೆ ನೋಡಿ ಎಂದು.

ಆ ಗುರುತನ್ನು ಟೆಂಟಿನಲ್ಲಿ ನಿಲ್ಲಿಸಿದವರು ಆರ್ತದಾ, ನಾನಲ್ಲ. ಒಮ್ಮೆ ಕ್ಯಾಪ್ಟನ್ನೇ ಮೀನಖಂಡದ ಮೇಲೆ ಗುರುತಿಟ್ಟುಕೊಂಡು ಬಂದು, "ಅದೆಲ್ಲ ಬಿಡಿ, ತಿಕ್ಕಿ" ಎಂದು ಮಲಗಿದ. ಆರ್ತದಾ ಕೈ ಕಟ್ಟಿ ನಿಂತರು. "ಗುರುತಿರೋ ಜಾಗ ದೀದಿಮಣಿದು. ಉಳಿದ ಮೈಯೆಲ್ಲ ನಂದು. ಬೇಕಾದ್ರೆ ತಲೆ ತಿಕ್ತೀನಿ, ಒಳಗೆ ಏನಾದ್ರೂ ಇದ್ರೆ ಸಡಿಲ ಆಗತ್ತೆ." ಟೆಂಟೆಲ್ಲ ಬಿದ್ದು ಬಿದ್ದು ನಕ್ಕಿತು. ನಂತುದಾ ಮಾತ್ರ ಗೊಣಗುವುದು ಬಿಡಲಿಲ್ಲ. "ಹಿಂದೆ ನೋವಿಗೆ ಸ್ಪ್ರೇ ಹೊಡೆದು ಆಟದೊಳಗೆ ನೂಕ್ತಿದ್ವಿ, ಆಡ್ತಿದ್ರು. ಈಗ ಗುರುತಂತೆ, ಮಡಿಯಂತೆ." ಆರು ವರ್ಷ ಹೀಗೇ ನಡೆಯಿತು. ಡಾಕ್ಟರು, ನಾನು, ಆರ್ತದಾ, ಮೂವರೇ. ಅದಕ್ಕಿಂತ ಒಳ್ಳೆಯ ತಂಡದಲ್ಲಿ ನಾನು ಆಮೇಲೆ ಕೆಲಸ ಮಾಡಿಲ್ಲ, ಎಂಥೆಂಥ ದೊಡ್ಡ ಕಡೆ ಹೋದರೂ.

ಇನ್ನು ಆ ದಿನದ ವಿಷಯ.

ಆಗಸ್ಟ್ ತಿಂಗಳು, ಲೀಗ್ ಆಟ, ಮೈದಾನ ಕೆಸರೋ ಕೆಸರು. ಎಡಗಡೆ ಓಡುವವನು ಸುಕುಲ್ ಹೆಂಬ್ರಮ್. ಝಾಡ್‌ಗ್ರಾಮದ ಕಡೆಯ ಹುಡುಗ, ಹತ್ತೊಂಬತ್ತು ವರ್ಷ, ಅವನು ಓಡಲು ಶುರು ಮಾಡಿದರೆ ಗ್ಯಾಲರಿಯ ಮುದುಕರೂ ಎದ್ದು ನಿಲ್ಲುತ್ತಿದ್ದರು. ಆಟ ಮುಗಿಯಲು ಅರ್ಧ ಗಂಟೆ ಇರುವಾಗ ಎದುರು ತಂಡದವನ ಮಂಡಿ ಅವನ ಬಲತೊಡೆಗೆ ನೇರ ಬಡಿಯಿತು. ನಾನೇ ಓಡಿಹೋಗಿ ನೋಡಿದೆ. ಐಸ್ ಇಟ್ಟೆ, ಬಿಗಿಯಾಗಿ ಪಟ್ಟಿ ಸುತ್ತಿದೆ. "ಏನಿಲ್ಲ ದೀದಿ, ಏನಿಲ್ಲ" ಎಂದು ಎದ್ದುಬಿಟ್ಟ. ಸ್ನಾನ ಆದ ಕೂಡಲೇ ಮೊದಲ ಗುರುತು ಇವನಿಗೇ ಎಂದು ಮನಸ್ಸಿನಲ್ಲಿ ಇಟ್ಟುಕೊಂಡೆ. ಮಾರ್ಕರು ಜೇಬಿನಲ್ಲೇ ಇತ್ತು.

ಸೀಟಿ ಊದಿದ ಮೇಲೆ ಲಾಹಿರಿ ಡಾಕ್ಟರು ಕೈ ಬೀಸಿ ಕರೆದರು. ದೊಡ್ಡ ತಂಡದ ತರಬೇತಿ ಶಿಬಿರಕ್ಕೆ ಫಿಜಿಯೋ ಬೇಕೆಂದು ಒಬ್ಬರು ದೆಹಲಿಯಿಂದ ಬಂದಿದ್ದರು. ಆ ಕೆಲಸಕ್ಕಾಗಿ ಮೂರು ವರ್ಷದಿಂದ ನಾನು ಅರ್ಜಿ ಹಾಕುತ್ತಿದ್ದೆ. "ಹುಲ್ಲುಹಾಸಿನ ಮೇಲೆ ಕೂತಿದಾರೆ, ಐದು ನಿಮಿಷ ಮಾತಾಡಿ ಬಾ. ವಿಮಾನಕ್ಕೆ ಹೊತ್ತಾಗ್ತಿದೆ ಅವರಿಗೆ" ಎಂದರು. ಹುಡುಗರು ಇನ್ನೂ ಸ್ನಾನದ ಮನೆಯಲ್ಲಿ ಕಿರುಚಾಡುತ್ತಿದ್ದರು. ಐದು ನಿಮಿಷ ತಾನೇ ಎಂದು ಹೋದೆ. ನಿಂಬೆ ಚಹಾ ಬಂತು. ನನ್ನ ಓದು, ನನ್ನ ಅನುಭವ, ನಾನು ಮಾಡಿದ ಹೊಸ ಕ್ರಮಗಳು ಎಂದು ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ. ಆ ಇಂಟು ಗುರುತಿನ ಪದ್ಧತಿಯನ್ನೇ ಬಣ್ಣ ಕಟ್ಟಿ ವಿವರಿಸಿದೆ. ಅವರಿಗೆ ಬಹಳ ಹಿಡಿಸಿತು. ಎದ್ದಾಗ ನಲವತ್ತು ನಿಮಿಷವಾಗಿತ್ತು.

ಹಿಂದಿನ ಬೆಂಚಿಗೆ ಬಂದಾಗ ಆರ್ತದಾ ಬಟ್ಟಲು ಒರೆಸುತ್ತಿದ್ದರು. ಆಟದ ಹೊತ್ತಿನಲ್ಲಿ ಅವರು ಇಲ್ಲೇ ಇರುವವರು, ಪೆಟ್ಟು ಬಿದ್ದದ್ದನ್ನು ಕಂಡಿರಲಿಲ್ಲ.

"ಹೆಂಬ್ರಮ್ ಎಲ್ಲಿ?"

"ಈಗಷ್ಟೇ ಹೋದ. ತೊಡೆ ಕಲ್ಲಾಗಿತ್ತು ದೀದಿಮಣಿ. ಪೆಟ್ಟು ಬಿತ್ತೇನೋ ಅಂದ್ರೆ, ಇಲ್ಲ ಆರ್ತದಾ, ಬರೀ ಸೆಳೆತ, ಜೋರಾಗಿ ತಿಕ್ಕಿ ಅಂದ. ಗುರುತು ಹುಡುಕಿದೆ, ಇರಲಿಲ್ಲ. ಇಪ್ಪತ್ತು ನಿಮಿಷ ಕೂತು ಬಿಡಿಸಿದೀನಿ, ಈಗ ಬೆಣ್ಣೆ."

ಆರ್ತದಾ ನನ್ನ ಮುಖ ನೋಡಿದರು. "ಪೆಟ್ಟಾ?" ಎಂದು ಮೆಲ್ಲಗೆ ಕೇಳಿದರು.

"ಏನಿಲ್ಲ. ಐಸ್ ಇಟ್ಕೋ ಅಂತ ಫೋನ್ ಮಾಡ್ತೀನಿ" ಎಂದೆ. ತಮ್ಮ ಎರಡೂ ಅಂಗೈ ತಿರುಗಿಸಿ ನೋಡಿಕೊಂಡು ಬಟ್ಟೆಗೆ ಒರೆಸಿಕೊಂಡರು.

ಮರುದಿನ ತೊಡೆ ಕುಂಬಳಕಾಯಿಯಾಗಿತ್ತು. ನಾಲ್ಕು ವಾರಕ್ಕೆ ಊತ ಇಳಿದು ಒಳಗೆ ಒಂದು ಗಟ್ಟಿ ಗಡ್ಡೆ ಉಳಿಯಿತು. ಲಾಹಿರಿ ಡಾಕ್ಟರು ಎಕ್ಸ್-ರೇಯನ್ನು ಟೆಂಟಿನ ಟ್ಯೂಬ್‌ಲೈಟಿಗೆ ಹಿಡಿದು ನಿಟ್ಟುಸಿರು ಬಿಟ್ಟರು. ಮಾಂಸದ ನಡುವೆ ಬೆಳ್ಳಗೆ ಮೂಳೆ ಮೂಡಿತ್ತು. ಮಂಡಿ ಅರ್ಧವೂ ಮಡಚುತ್ತಿರಲಿಲ್ಲ.

ಕಮಿಟಿ ಸೇರಿತು. ಬೆತ್ತದ ಕುರ್ಚಿಗಳಲ್ಲಿ ಏಳು ಜನ. ಹೆಂಬ್ರಮನನ್ನು ಮೊದಲೇ ಕೇಳಿದ್ದರು. ಪೆಟ್ಟು ಮುಚ್ಚಿಟ್ಟಿದ್ದಕ್ಕೆ ಹೆದರಿ, ಗುರುತಿನ ವಿಷಯ ನೆನಪಿಲ್ಲ ಎಂದುಬಿಟ್ಟಿದ್ದ. ನಂತುದಾ ನನ್ನ ಕಡೆ ತಿರುಗಿದರು. "ಗುರುತು ಇತ್ತೋ ಇಲ್ವೋ? ಒಂದೇ ಮಾತು. ಇರಲಿಲ್ಲ ಅಂದ್ರೆ ಈ ನಿಮ್ಮ ಗುರುತು ಗಿರುತು ಎಲ್ಲ ಇವತ್ತಿಗೇ ಬಂದ್."

ಶಿಬಿರದ ಕೆಲಸದ ಕಾಗದ ಬಂದು ನಾಲ್ಕು ದಿನವಾಗಿತ್ತು. ಅದು ನನ್ನ ಚೀಲದಲ್ಲಿತ್ತು, ಚೀಲ ತೊಡೆಯ ಮೇಲಿತ್ತು. ನಿಜ ಹೇಳಲೆಂದೇ ಬಾಯಿ ತೆರೆದೆ ಎಂದು ಬರೆಯಲು ನನಗೂ ಆಸೆ. ಆದರೆ ಆ ಬಾಯಿಂದ ಏನು ಬರುತ್ತಿತ್ತೋ ದೇವರಾಣೆ ನನಗೆ ಗೊತ್ತಿಲ್ಲ. ಅಷ್ಟರಲ್ಲಿ ಟೆಂಟಿನ ಕಂಬದ ಹತ್ತಿರ ನಿಂತಿದ್ದ ಆರ್ತದಾ ಹೇಳಿದರು.

"ಇತ್ತು ಬಾಬು. ಗುರುತು ಇತ್ತು. ನನಗೇ ಕಾಣಲಿಲ್ಲ. ಕಣ್ಣು ಈಚೆಗೆ ಮಂಜು."

ನಂತುದಾ ಹಣೆ ಚಚ್ಚಿಕೊಂಡರು. "ಥೂ! ಕಣ್ಣು ಕಾಣಲ್ಲ ಅಂದ್ರೆ ಮೊದಲೇ ಬೊಗಳೋಕೆ ಏನಾಗಿತ್ತು ನಿನಗೆ? ಬಂಗಾರದಂಥ ಹುಡುಗನ ಕಾಲು ತಿಂದೆಯಲ್ಲೋ!"

ಲಾಹಿರಿ ಡಾಕ್ಟರು ನನ್ನನ್ನೇ ನೋಡುತ್ತಿದ್ದರು. ನಾನು ಚೀಲದ ಜಿಪ್ಪು ನೋಡುತ್ತಿದ್ದೆ. ಆರ್ತದಾ ಕೆಲಸ ಅವತ್ತೇ ಹೋಯಿತು. ನಾನು ಮುಂದಿನ ಸೋಮವಾರ ದೆಹಲಿಗೆ, ಶಿಬಿರಕ್ಕೆ ಹೊರಟೆ. ನಡುವಿನ ಅಷ್ಟು ದಿನ ಟೆಂಟಿನ ಕಡೆ ತಲೆ ಹಾಕಲಿಲ್ಲ. ಸಾಮಾನು ಕಟ್ಟುವುದಿದೆ ಎಂದು ಎಲ್ಲರಿಗೂ ಹೇಳಿದೆ. ಹೇಡಿ ನಾನು, ಬೇರೆ ಮಾತು ಯಾಕೆ.

ಆ ಮೂಳೆ ತೆಗೆಸಲು ಹೆಂಬ್ರಮ್ ಆರು ತಿಂಗಳು ಕಾಯಬೇಕಿತ್ತು, ಮನೆಯವರು ಕಾಯಲಿಲ್ಲ. ಮೂರನೇ ತಿಂಗಳಿಗೇ ಬೇರೆಲ್ಲೋ ಕೊಯ್ಯಿಸಿದರು. ಮೂಳೆ ಮತ್ತೆ ಬೆಳೆಯಿತು, ಮೊದಲಿಗಿಂತ ದೊಡ್ಡದಾಗಿ. ಈಗ ಅವನು ಊರಿನಲ್ಲಿ ಟೋಟೋ ಎನ್ನುವ ಬ್ಯಾಟರಿ ರಿಕ್ಷಾ ಓಡಿಸುತ್ತಾನೆ, ಬಲಗಾಲು ನೀಡಿಕೊಂಡು.

ಆರ್ತದಾ ಆ ಚಳಿಗಾಲ ಮೈದಾನದ ಇನ್ನೂ ಮೂರು ನಾಲ್ಕು ಟೆಂಟುಗಳ ಬಾಗಿಲು ತಟ್ಟಿದರಂತೆ. ಸುದ್ದಿ ಅವರಿಗಿಂತ ಮುಂಚೆ ಹೋಗಿ ಕೂತಿತ್ತು. ಹುಡುಗರು ಕಾಲು ಹಿಂದಕ್ಕೆ ಎಳೆದುಕೊಳ್ಳುವರಂತೆ. "ಮೊದಲು ಕನ್ನಡಕ ಹಾಕ್ಕೊಂಡು ಬಾ ತಾತ, ಆಮೇಲೆ ನಮ್ಮ ಕಾಲು" ಎಂದು ಒಬ್ಬ ಅಂದನಂತೆ. ಬಟ್ಟಲು ಹಿಡಿದುಕೊಂಡು ಊರಿಗೆ ಹೋದರು. ಇದೆಲ್ಲ ನನಗೆ ಕ್ಯಾಂಟೀನಿನವನು ಎಷ್ಟೋ ದಿನಗಳ ಮೇಲೆ ಹೇಳಿದ್ದು.

ಆರು ವರ್ಷದ ಮೇಲೆ ತಂಡದ ಜೊತೆ ಕಟಕಕ್ಕೆ ಹೋದಾಗ ಒಂದು ದಿನ ಬಿಡುವಿತ್ತು. ಕಾರು ಮಾಡಿಕೊಂಡು ಅವರ ಊರಿಗೆ ಹೋದೆ. ಜಗಲಿಯಲ್ಲಿ ಕೂತು ಮೀನಿನ ಬಲೆ ಹೊಲಿಯುತ್ತಿದ್ದರು. ನಾನು ನೋಡುತ್ತಿದ್ದಂತೆಯೇ ಸೂಜಿಗೆ ದಾರ ಪೋಣಿಸಿದರು, ಕನ್ನಡಕವಿಲ್ಲದೆ, ಒಂದೇ ಸಲಕ್ಕೆ. ಕಣ್ಣಿಗೆ ಏನೂ ಆಗಿರಲಿಲ್ಲ. ಎದುರಿಗೆ ಒಬ್ಬ ಮುಂಗೈ ಊದಿಸಿಕೊಂಡು ಕೂತಿದ್ದ. ಆರ್ತದಾ ತೆಂಗಿನ ಚಿಪ್ಪಿನಲ್ಲಿದ್ದ ಕಾಡಿಗೆಗೆ ಬೆರಳದ್ದಿ ಅವನ ಮುಂಗೈ ಮೇಲೆ ಇಂಟು ಹಾಕಿದರು. "ಮೂರು ದಿನ ಯಾರ ಕೈಗೂ ಕೊಡಬೇಡ. ಆಸ್ಪತ್ರೆಗೆ ಹೋಗಿ ತೋರಿಸು, ಹೋಗು." ಆಗ ನನ್ನನ್ನು ಕಂಡರು.

"ಅಯ್ಯೋ, ದೀದಿಮಣಿ! ಸುಲೋಚನಾ, ಯಾರು ಬಂದ್ರು ನೋಡು! ಎಷ್ಟು ಸೊರಗಿದೀರಿ, ದೊಡ್ಡ ಕೆಲಸದಲ್ಲಿ ಊಟ ಹಾಕಲ್ವಾ?"

ಅವರ ಹೆಂಡತಿ ಸುಲೋಚನಾ, ನನಗೆ ಬೌದಿ ಎಂದರೆ ಅತ್ತಿಗೆ, ನೀರಲ್ಲಿ ನೆನೆಸಿದ ಅನ್ನದ ಪಖಾಳ, ಹುರಿದ ಮೀನು ತಂದಿಟ್ಟರು. ಮಾತು ಮಾತ್ರ ಆಡಲಿಲ್ಲ. ಎರಡು ತುತ್ತು ತಿಂದು ತಟ್ಟೆ ಸರಿಸಿದೆ. "ಆರ್ತದಾ, ಅವತ್ತು ನಾನು..." ಎಂದು ಶುರು ಮಾಡಿದ್ದೇ ತಡ, ಅವರು ಚಿಪ್ಪಿಗೆ ಬೆರಳದ್ದಿ ನನ್ನ ಕೈ ಮೇಲೆ ಒಂದು ಇಂಟು ಎಳೆದರು.

"ಈ ಜಾಗ ಮುಟ್ಟಬೇಡಿ."

"ಆದ್ರೆ ನಿಮ್ಮ ಹೆಸರು ಹಾಳಾಯ್ತಲ್ಲ!"

"ನಂತುಬಾಬು ಏನಂದ್ರು ಕೇಳಿಸಿಕೊಂಡ್ರಲ್ಲ? ಗುರುತು ಇರಲಿಲ್ಲ ಅಂದಿದ್ರೆ ಮರುದಿನವೇ ಸ್ಪ್ರೇ ಹೊಡೆದು ಒಳಗೆ ನೂಕ್ತಿದ್ರು. ವರ್ಷಕ್ಕೆ ಮೂವತ್ತು ಹುಡುಗರು ದೀದಿಮಣಿ. ನಾನು ಒಬ್ಬ. ಈಗಲೂ ಹಾಕ್ತಾರಾ ಅಲ್ಲಿ?"

"ಹಾಕ್ತಾರೆ. ಈಗ ಎಲ್ಲ ಟೆಂಟಲ್ಲೂ ಹಾಕ್ತಾರೆ."

"ಮತ್ತೆ? ಬಿಡಿ, ಮೀನು ತಿನ್ನಿ" ಎಂದು ನಕ್ಕರು.

ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಆ ಕಾರಣವನ್ನು ಅವರು ಕೈಗಿಟ್ಟ ಕೂಡಲೇ ನಾನು ಗಟ್ಟಿಯಾಗಿ ಹಿಡಿದುಕೊಂಡೆ. ವಾಪಸು ಬರುವಾಗ ಕಾರಿನಲ್ಲಿ ನಿದ್ದೆ ಬಂತು. ಅವರೇ ಬೇಡವೆಂದರಲ್ಲ, ದೊಡ್ಡ ಕಾರಣಕ್ಕೆ ತಾನೇ ಸುಳ್ಳು ಹೇಳಿದ್ದು ಎಂದುಕೊಂಡು ಇನ್ನೂ ಐದು ವರ್ಷ ಆರಾಮಾಗಿ ಕಳೆದೆ. ಆಮೇಲೆ ಒಂದು ದಿನ ಬೌದಿಯ ಫೋನು ಬಂತು. ಎಂಟು ದಿನ ಜ್ವರ, ಒಂಬತ್ತನೇ ದಿನ ಆರ್ತದಾ ಇಲ್ಲ. ಫೋನಿಟ್ಟು ನೆಲದ ಮೇಲೆ ಕೂತೆ. ಇನ್ನು ಯಾರ ಅಪ್ಪಣೆ ಕಾಯುವುದು?

ಮುಂದಿನ ಬೈಶಾಖದ ಮೊದಲ ದಿನಕ್ಕೆ ಹಳೆಯ ಟೆಂಟಿನಿಂದ ಕರೆ ಬಂತು. ಅದು ಬಂಗಾಳಿ ಹೊಸ ವರ್ಷ, ಆ ಬೆಳಗ್ಗೆ ಮೈದಾನದ ಕ್ಲಬ್ಬುಗಳಲ್ಲಿ ಗೋಲಿನ ಕಂಬಕ್ಕೆ ಪೂಜೆ ಆಗುತ್ತದೆ, ಆ ಪೂಜೆಯ ದಿನ ನನಗೆ ಸನ್ಮಾನವಂತೆ. ಇಂಟು ಗುರುತಿನ ಪದ್ಧತಿ ತಂದದ್ದಕ್ಕೇ ಸನ್ಮಾನ. ಒಪ್ಪಿಕೊಂಡೆ. ಬೌದಿಗೆ ಟಿಕೆಟ್ ಕಳಿಸಿ ಕರೆಸಿಕೊಂಡೆ. ಎಲ್ಲರೆದುರು, ಅವರೆದುರು, ಅದೇ ಟೆಂಟಿನಲ್ಲಿ ಹೇಳಿ ಆರ್ತದಾ ಹೆಸರಿಗೆ ಅಂಟಿದ ಮಸಿ ತೊಳೆಯಬೇಕು ಎಂದು ಹೊರಟೆ.

ಕಂಬಕ್ಕೆ ಹೂವು ಸುತ್ತಿ, ತೆಂಗಿನಕಾಯಿ ಒಡೆದು, ಸಂದೇಶ್ ಸಿಹಿ ಹಂಚಿದ್ದಾಯಿತು. ಲಾಹಿರಿ ಡಾಕ್ಟರು ತೀರಿಕೊಂಡು ಎರಡು ವರ್ಷವಾಗಿತ್ತು. ನಂತುದಾ ಮುದುಕರಾಗಿ ಕೋಲೂರಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು, ಪಕ್ಕದ ಕುರ್ಚಿಯ ತುದಿಯಲ್ಲಿ ಸುಲೋಚನಾ ಬೌದಿ. ಶಾಲು ಹೊದಿಸಿ ಮೈಕು ಕೊಟ್ಟರು.

"ನಾನು ಭಾಷಣ ಮಾಡಕ್ಕೆ ಬಂದಿಲ್ಲ. ಹೆಂಬ್ರಮ್ ತೊಡೆ ಮೇಲೆ ಅವತ್ತು ಗುರುತು ಇರಲಿಲ್ಲ. ನಾನು ಹಾಕಿರಲಿಲ್ಲ. ಆರ್ತದಾ ಕಣ್ಣು ಚೆನ್ನಾಗಿತ್ತು. ತಪ್ಪು ನನ್ನದು, ಹೊತ್ತುಕೊಂಡಿದ್ದು ಅವರು" ಎಂದೆ.

ಆಮೇಲೆ ಹಿಂದಿನಿಂದ ಯಾರೋ ಚಪ್ಪಾಳೆ ಹೊಡೆದರು. ಟೆಂಟೆಲ್ಲ ಎದ್ದು ನಿಂತು ಚಪ್ಪಾಳೆ. ನಂತುದಾ ಕಣ್ಣು ಒರೆಸಿಕೊಳ್ಳುತ್ತ ಬಂದು ನನ್ನ ಕೈ ಹಿಡಿದರು. "ಎಂಥ ಮನಸ್ಸಮ್ಮ ನಿಂದು! ಸತ್ತವನ ತಪ್ಪನ್ನೂ ನಿನ್ನ ತಲೆ ಮೇಲೆ ಹಾಕ್ಕೊಂಡೆಯಲ್ಲ, ಅವನ ಹೆಂಡತಿ ಮುಂದೆ!"

"ಮನಸ್ಸೂ ಇಲ್ಲ ಮಣ್ಣೂ ಇಲ್ಲ ನಂತುದಾ, ನಿಜ ಹೇಳ್ತಿದೀನಿ! ನಾನು ಹುಲ್ಲಿನ ಮೇಲೆ ಕೂತು ಚಹಾ ಕುಡೀತಿದ್ದೆ ಆಗ!"

"ಗೊತ್ತು, ಗೊತ್ತು, ನೀನು ಹೀಗೇ ಹೇಳ್ತೀಯ" ಎಂದು ತಲೆ ಸವರಿದರು. "ನಾನೇ ಕಿವಿಯಾರೆ ಕೇಳಿದೀನಮ್ಮ. ಗುರುತಿತ್ತು, ಕಾಣಲಿಲ್ಲ ಅಂತ ಅವನೇ ಒಪ್ಪಿಕೊಂಡಿದ್ದ, ಪಾಪ."

ಇನ್ನೂ ಇಬ್ಬರು ಮೂವರನ್ನು ಹಿಡಿದು ಹಿಡಿದು ಹೇಳಿದೆ, ಕೂಗಿ ಹೇಳಿದೆ. ಎಲ್ಲರೂ ನಕ್ಕು ಕೈ ಮುಗಿದರು. ಒಬ್ಬ ಹುಡುಗ ನನ್ನ ಜೊತೆ ಫೋಟೋ ತೆಗೆಸಿಕೊಂಡ. ಚಪ್ಪಾಳೆ ಹೊಡೆಯದೆ ಕೂತಿದ್ದವರು ಸುಲೋಚನಾ ಬೌದಿ ಒಬ್ಬರೇ.

ಮಧ್ಯಾಹ್ನ ಅವರನ್ನು ಬಾಬೂಘಾಟಿಗೆ ಕರೆದುಕೊಂಡು ಹೋದೆ, ಒಡಿಶಾ ಬಸ್ಸು ಹೊರಡುವುದು ಅಲ್ಲಿಂದಲೇ. ಬಸ್ಸಿನ ಮೆಟ್ಟಿಲ ಹತ್ತಿರ ನಿಂತು ನಾನೇ ಹೇಳಿದೆ, "ಬೌದಿ, ನಾನು ಹೇಳಿದ್ದು ನಿಜ. ನೀವಾದ್ರೂ ನಂಬಿ."

"ನಂಬೋದೇನು ಬಂತು? ನನಗೆ ಅವತ್ತೇ ಗೊತ್ತು. ಫೋನಲ್ಲಿ ಹೇಳಿದ್ರು."

"ಆ ಹುಡುಗರಿಗೋಸ್ಕರ, ಗುರುತು ಉಳೀಲಿ ಅಂತ..."

"ಅದು ಆಮೇಲೆ ಕಂಡುಕೊಂಡಿದ್ದು, ಸಮಾಧಾನಕ್ಕೆ. ಊರಿಗೆ ಬಂದ ಮೇಲೆ." ಬೌದಿ ಸೆರಗಿನ ಗಂಟು ಬಿಗಿ ಮಾಡಿಕೊಂಡರು. "ಕೆಲಸದಿಂದ ತೆಗೆದ ಮೇಲೆ ಮೂರು ದಿನ ಟೆಂಟಲ್ಲೇ ಗಂಟು ಕಟ್ತಾ ಕೂತಿದ್ರು, ಗೊತ್ತಾ ನಿಮಗೆ? ಇದ್ದದ್ದೇ ಎರಡು ಲುಂಗಿ, ಒಂದು ಬಟ್ಟಲು. ಕಟ್ಟೋದು, ಬಿಚ್ಚೋದು. ಬನ್ನಿ ಅಂತ ನಾನು ಫೋನಲ್ಲಿ ಅತ್ತೆ. ತಡಿ ಅಂದ್ರು. ದೀದಿಮಣಿ ಎಲ್ಲರ ಮುಂದೆ ಬಾಯಿ ಕಟ್ಟಿ ನಿಂತ್ಲು, ನಾನು ಸ್ವಲ್ಪ ಹೊತ್ತು ಕೊಟ್ಟೆ ಅಷ್ಟೇ ಅಂದ್ರು. ಅವಳ ಬಾಯಿ ನಿಂಗೆ ಗೊತ್ತಿಲ್ಲ, ಸುಮ್ನಿರೋಳಲ್ಲ, ನಾಳೆ ಬಂದು ನಂತುಬಾಬುನ ಹೇಗೆ ಜಾಡಿಸ್ತಾಳೆ ನೋಡು ಅಂದ್ರು. ನಾಲ್ಕನೇ ದಿನ ನೀವು ದೆಹಲಿಗೆ ಹೋದ್ರಿ ಅಂತ ಯಾರೋ ಹೇಳಿದ್ರಂತೆ."

"ಬೌದಿ, ನಾನು ನಿಮ್ಮನೆಗೆ ಬಂದಾಗ ಇದನ್ನ ಹೇಳಬಾರದಿತ್ತಾ?"

"ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು. ಪಾಪ, ಅಷ್ಟು ದೂರದಿಂದ ಬಂದಿದಾಳೆ, ಊಟ ಮಾಡಿಕೊಂಡು ಹೋಗ್ಲಿ ಅಂದ್ರು."

ಕಂಡಕ್ಟರ್ ಬಸ್ಸಿನ ಬದಿ ಬಡಿದ. ಬೌದಿ ಹತ್ತಿ ಕಿಟಕಿಯ ಪಕ್ಕ ಕೂತರು. ಅವರಿಗೆ ಕೊಡಲೆಂದು ತಂದಿದ್ದ ಸನ್ಮಾನದ ಶಾಲು ನನ್ನ ಕೈಯಲ್ಲೇ ಇತ್ತು. ಏನಾದರೂ ಹೇಳಬೇಕೆಂದು ಕಿಟಕಿಯ ಜೊತೆ ನಾಲ್ಕು ಹೆಜ್ಜೆ ನಡೆದೆ. ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ, ಬಸ್ಸು ಹೋಯಿತು.